ಸೂರಕ್ಕಿ ಎದುರಿಗಿರುವಾಗ ಹಮ್ಮಿಂಗ್‌ಬರ್ಡ್ ಏಕೆ?

ಬೆಳಕಿಂಡಿ: ಬಣ್ಣದ ಗಾಜಿನ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಲ ಬಂದ ಪತ್ರಗಳೆಲ್ಲ ಗಾಜು ಕೊಯ್ಯುವುದು, ಬೆಸುಗೆ ಹಾಕುವುದರ ಸುತ್ತಲೇ ಇದ್ದವು. ಈ ಸಲದವು ಬೇರೆ ತರಹದವು. ಕೈ ಕುದುರಿದೆ, ಹತ್ಯಾರುಗಳಿವೆ, ಗಾಜೂ ಇದೆ, ಆದರೆ ಏನು ಮಾಡಬೇಕೆಂದು ಹೊಳೆಯುತ್ತಿಲ್ಲ ಎಂದು ಬರೆದವರೇ ಹೆಚ್ಚು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಮಾತು ಸ್ವಲ್ಪ ಖಾರವಾದರೆ ಅದು ಹಳೆಯ ಅಭ್ಯಾಸ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಕಳೆದ ವರ್ಷ ಎರಡು ದಿನದ ಶಿಬಿರವೊಂದರಲ್ಲಿ ಗಾಜಿನ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ ಬೆಸೆಯುವುದನ್ನು ಕಲಿತೆ. ಆಮೇಲೆ ಮನೆಯಲ್ಲೇ ಒಂದು ಹಮ್ಮಿಂಗ್‌ಬರ್ಡ್, ಒಂದು ಸೂರ್ಯಕಾಂತಿ, ಒಂದು ಚಿಟ್ಟೆ ಮಾಡಿದೆ. ಮೂರೂ ಮೊಬೈಲಿನಲ್ಲಿ ಸಿಕ್ಕ ನಕ್ಷೆಗಳು. ನಾಲ್ಕನೆಯದಾದರೂ ನನ್ನದೇ ಆಗಿರಲಿ ಎಂದು ಪೆನ್ಸಿಲ್ ಹಿಡಿದು ಕುಳಿತರೆ ಕಾಗದದ ಮೇಲೆ ಬರುವುದು ಮತ್ತೆ ಅದೇ ಹಮ್ಮಿಂಗ್‌ಬರ್ಡ್. ನಿಮಗೆ ವಿನ್ಯಾಸಗಳು ಹೇಗೆ ಹೊಳೆಯುತ್ತವೆ?
ಓದುಗರು, ಶಿವಮೊಗ್ಗ

ಉತ್ತರ: ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಹಕ್ಕಿ. ಶಿವಮೊಗ್ಗದ ಹಿತ್ತಿಲಿನಲ್ಲಿ ಅದು ನಿಮಗೆ ಎಂದೂ ಕಂಡಿಲ್ಲ, ಮುಂದೆ ಕಾಣುವುದೂ ಇಲ್ಲ. ನಿಮ್ಮ ಪೆನ್ಸಿಲ್ ನೆನಪಿಸಿಕೊಳ್ಳುತ್ತಿರುವುದು ಹಕ್ಕಿಯನ್ನಲ್ಲ, ಯಾರೋ ಬರೆದ ನಕ್ಷೆಯನ್ನು. ನಿಮ್ಮ ದಾಸವಾಳದ ಗಿಡಕ್ಕೆ ಬೆಳಿಗ್ಗೆ ಎಂಟರ ಹೊತ್ತಿಗೆ ಬಂದು ಹೂವಿನ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಕದಿಯುವ ಸೂರಕ್ಕಿಯನ್ನು ಒಮ್ಮೆ ನೋಡಿ. ಗಾಜಿಗೆ ಅದೇ ಹೆಚ್ಚು ಒಗ್ಗುವ ಹಕ್ಕಿ ಎಂದು ನಾನು ಹೇಳುವುದಕ್ಕೆ ಊರಭಿಮಾನ ಕಾರಣವಲ್ಲ, ಗೆರೆಯ ಲೆಕ್ಕ ಕಾರಣ.

ಗಾಜಿನ ನಡುವೆ ಹಕ್ಕಿಯ ಆಕಾರದ ತೂತು ಕೊಯ್ದು ಅದರೊಳಗೆ ಹಕ್ಕಿಯನ್ನು ಕೂರಿಸಲು ಆಗುವುದಿಲ್ಲ ಎಂಬುದು ನಿಮಗೆ ಗೊತ್ತು. ಹಿನ್ನೆಲೆಯನ್ನು ತುಂಡು ಮಾಡಲೇಬೇಕು. ಹಕ್ಕಿಯ ಮೈಯಿಂದ ಚೌಕಟ್ಟಿನವರೆಗೆ ಗೆರೆಗಳು ಹೋಗಲೇಬೇಕು. ಗಾಳಿಯಲ್ಲಿ ನಿಂತ ಹಮ್ಮಿಂಗ್‌ಬರ್ಡಿಗೆ ಈ ಗೆರೆಗಳನ್ನು ಎಲ್ಲಿಂದ ತರುವುದು? ಕೊಕ್ಕಿನ ತುದಿಯಿಂದ ಒಂದು, ರೆಕ್ಕೆಯಿಂದ ಎರಡು, ಬಾಲದಿಂದ ಒಂದು ಎಂದು ಎಳೆದಿರುತ್ತಾರೆ. ಅವಕ್ಕೆ ಚಿತ್ರದಲ್ಲಿ ಯಾವ ಅರ್ಥವೂ ಇಲ್ಲ. ಸೂರಕ್ಕಿ ಹಾಗಲ್ಲ. ಅದು ಬಹುಪಾಲು ಟೊಂಗೆಯ ಮೇಲೆ ಕುಳಿತೇ ಹೀರುತ್ತದೆ. ಟೊಂಗೆ ಒಂದು ಗೆರೆ, ದಾಸವಾಳದ ತೊಟ್ಟು ಒಂದು ಗೆರೆ, ಹೂವಿನಿಂದ ಹೊರಚಾಚಿದ ಕೇಸರದ ಕಡ್ಡಿ ಇನ್ನೊಂದು. ಎಲ್ಲ ಗೆರೆಗಳೂ ನಿಜವಾಗಿ ಅಲ್ಲಿ ಇರುವಂಥವೇ. ಹಿನ್ನೆಲೆ ತಾನಾಗಿಯೇ ಐದಾರು ತುಂಡಾಗುತ್ತದೆ, ನೋಡುವವರಿಗೆ ಅಲ್ಲಿ ಬೆಸುಗೆ ಇದೆ ಎಂಬುದೇ ಗಮನಕ್ಕೆ ಬರುವುದಿಲ್ಲ.

ನನಗೆ ಎಲ್ಲಿಂದ ಹೊಳೆಯುತ್ತದೆ ಎಂದಿರಿ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ, ನಡುಮನೆಯ ಪೂರ್ವದ ಗೋಡೆಯಲ್ಲಿ, ಕಿಟಕಿಯ ಮೇಲೆ ಅರ್ಧಚಂದ್ರಾಕಾರದ ಒಂದು ಬೆಳಕಿಂಡಿ ಇತ್ತು. ಬೀಸಣಿಗೆಯ ಹಾಗೆ ಏಳು ತುಂಡು ಗಾಜು: ಕೆಂಪು, ಹಸಿರು, ಹಳದಿ, ನೀಲಿ, ಮತ್ತೆ ಅವೇ. ಬೆಳಗಾಗುತ್ತಲೇ ಎದುರು ಗೋಡೆಯ ಮೇಲೆ ಬೀಳುತ್ತಿದ್ದ ಬಣ್ಣ ಮೆಲ್ಲನೆ ಇಳಿದು ನೆಲಕ್ಕೆ ಬಂದು ಕಿಟಕಿಯ ಕಡೆಗೆ ಸರಿಯುತ್ತಿತ್ತು. ಕೆಂಪು ತುಂಡು ಕಂಬದ ಬುಡ ಮುಟ್ಟಿತೆಂದರೆ ಅಜ್ಜಿ ಮಜ್ಜಿಗೆ ಕಡೆಯಲು ಕೂರುತ್ತಿದ್ದಳು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಅವಳ ದಿನಚರಿಯೇ ಅಸ್ತವ್ಯಸ್ತವಾಗುತ್ತಿತ್ತು ಎಂದು ತಾತ ಹಾಸ್ಯ ಮಾಡುತ್ತಿದ್ದರು. ಒಂದು ಬೇಸಗೆಯಲ್ಲಿ ಅಣ್ಣ ಹೊಡೆದ ಚಿನ್ನಿ ಹಾರಿ ನೀಲಿ ತುಂಡೊಂದು ಒಡೆಯಿತು. ಅದೇ ನೀಲಿ ಎಲ್ಲಿಯೂ ಸಿಗದೆ ಆ ಜಾಗಕ್ಕೆ ಸಾದಾ ಗಾಜು ಹಾಕಿಸಿದರು. ಅಣ್ಣನಿಗೆ ಬಿದ್ದ ಏಟು ಬಿದ್ದೇ ಬಿದ್ದವು, ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಆ ಸಾದಾ ತುಂಡಿನಲ್ಲಿ ಹಿತ್ತಿಲ ಹಲಸಿನ ಮರದ ಕೊಂಬೆ ತನ್ನದೇ ಹಸಿರಿನಲ್ಲಿ ಕಾಣುತ್ತಿತ್ತು. ಪಕ್ಕದ ಕೆಂಪೂ ಹಳದಿಯೂ ಹಿಂದಿಗಿಂತ ಗಾಢವಾಗಿದ್ದವು. ಅದಕ್ಕೇ ನಾನು ಮಾಡುವ ಪ್ರತಿಯೊಂದು ಫಲಕದಲ್ಲೂ ಒಂದು ತುಂಡು ಬಣ್ಣವಿಲ್ಲದ ಗಾಜು ಇದ್ದೇ ಇರುತ್ತದೆ. ಯಾರಾದರೂ ಏಕೆಂದು ಕೇಳಿದರೆ ಅಣ್ಣನ ಚಿನ್ನಿ ಎನ್ನುತ್ತೇನೆ, ಅವರಿಗೆ ಅರ್ಥವಾಗುವುದಿಲ್ಲ.

ನೀವು ಈಗ ಮಾಡಬೇಕಾದದ್ದು ಇಷ್ಟು. ಹದಿನೈದು ದಿನ ಗಾಜಿನ ಕೆಲಸದ ಚಿತ್ರ ನೋಡಬೇಡಿ. ಒಂದು ನಲವತ್ತು ಪುಟದ ನೋಟ್‌ಪುಸ್ತಕ ಇಟ್ಟುಕೊಳ್ಳಿ. ಬೆಳಕು ಒಂದು ವಸ್ತುವಿನ ಮೇಲೆ ಬಿದ್ದದ್ದನ್ನಲ್ಲ, ಒಂದು ವಸ್ತುವಿನೊಳಗಿಂದ ಹಾದುಬಂದದ್ದನ್ನು ಮಾತ್ರ ಅದರಲ್ಲಿ ಬರೆಯಿರಿ. ನನ್ನ ಪುಸ್ತಕದಿಂದ ಕೆಲವು ಸಾಲುಗಳು:

ಪುನರ್ಪುಳಿ ಷರಬತ್ತು. ಲೋಟದ ತಳದಲ್ಲಿ ಕಪ್ಪೆನ್ನುವಷ್ಟು ಕೆಂಪು, ಅಂಚಿನಲ್ಲಿ ತೆಳು ಗುಲಾಬಿ. ಒಂದೇ ಬಣ್ಣ, ದಪ್ಪ ಬೇರೆ.

ದೇವರಾಜ ಮಾರುಕಟ್ಟೆ, ಹೂವಿನ ಸಾಲು. ನೀಲಿ ಟಾರ್ಪಾಲಿನ ಕೆಳಗೆ ಚೆಂಡುಹೂವಿನ ಹಳದಿ ಸತ್ತುಹೋಗಿದೆ. ಟಾರ್ಪಾಲು ಹರಿದ ಕಡೆ ಬಿದ್ದ ಬಿಸಿಲಿನಲ್ಲಿ ನಾಲ್ಕೇ ಹೂವು ಉರಿಯುತ್ತಿವೆ.

ಹಲಸಿನ ಹಪ್ಪಳ. ಒಣಗಿದ ಮೇಲೆ ಬಿಸಿಲಿಗೆ ಎತ್ತಿ ಹಿಡಿದರೆ ಜೇನುತುಪ್ಪದ ಬಣ್ಣ. ಲಟ್ಟಿಸಿದ್ದು ದಪ್ಪವಿರುವಲ್ಲಿ ಕಂದು. ಜೀರಿಗೆ ಕಪ್ಪು ಚುಕ್ಕೆ. ಬೆರಳಿನ ಗುರುತು ಬಿಳಿಚಿಕೊಂಡಿದೆ.

ಆಡಿನ ಕಿವಿ. ಸಂಜೆ, ಸೂರ್ಯನಿಗೆ ಬೆನ್ನು ಮಾಡಿ ನಿಂತಿತ್ತು. ಕಿವಿ ಪೂರಾ ಗುಲಾಬಿ. ಬುಡದಿಂದ ತುದಿಗೆ ಕವಲೊಡೆದು ಹೋದ ನರಗಳು, ಗಾಜಿನ ತುಂಡುಗಳ ನಡುವೆ ಸೀಸದ ಕಡ್ಡಿ ಕೂರಿಸಿದ ಹಾಗೆ.

ಹಪ್ಪಳದಿಂದ ಒಂದು ಅಡಿ ಅಗಲದ ಗುಂಡು ಫಲಕ ಮಾಡಿದೆ, ಅಲೆಅಲೆಯಾದ ಜೇನುಬಣ್ಣದ ಗಾಜಿನಲ್ಲಿ. ಕೊಂಡವರು ಅದನ್ನು ಸೂರ್ಯ ಎಂದುಕೊಂಡು ಒಯ್ದರು. ನಾನು ತಿದ್ದಲು ಹೋಗಲಿಲ್ಲ.

ಪ್ರಶ್ನೆ: ಸ್ಟೇನ್ಡ್ ಗ್ಲಾಸ್ ಎಂಬುದಕ್ಕೆ ಸರಿಯಾದ ಕನ್ನಡ ಪದ ಯಾವುದು? ಸಾದಾ ಗಾಜಿನ ಮೇಲೆ ಬಣ್ಣ ಬಳಿದರೆ ಅದೂ ಇದೇ ಅಲ್ಲವೇ?
ಓದುಗರು, ಹಾಸನ

ಉತ್ತರ: ಬಣ್ಣದ ಗಾಜು ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಅಂಗಡಿಯ ಟ್ಯೂಬಿನಿಂದ ಕಪ್ಪು ಗೆರೆ ಎಳೆದು ನಡುವೆ ಬಣ್ಣ ತುಂಬುವುದು ಬೇರೆ ಕೆಲಸ. ಇಲ್ಲಿ ಗಾಜು ಕರಗುವಾಗಲೇ ಲೋಹ ಸೇರಿಸಿ ಬಣ್ಣ ಬರಿಸಿರುತ್ತಾರೆ: ಕೋಬಾಲ್ಟಿನಿಂದ ನೀಲಿ, ಮ್ಯಾಂಗನೀಸಿನಿಂದ ನೇರಳೆ, ಚಿನ್ನದಿಂದ ಗುಲಾಬಿ. ಕಲೆ ಹಿಡಿಸುವುದು ಎಂಬ ಅರ್ಥದ ಆ ಇಂಗ್ಲಿಷ್ ಹೆಸರು ನಿಜಕ್ಕೂ ಹೊಂದುವುದು ಬೆಳ್ಳಿಯ ಹಳದಿಗೆ. ಬೆಳ್ಳಿಯ ಲವಣವನ್ನು ಗಾಜಿಗೆ ಹಚ್ಚಿ ಕುಲುಮೆಯಲ್ಲಿ ಕಾಯಿಸಿದರೆ ಹಳದಿ ಗಾಜಿನೊಳಕ್ಕೇ ಇಳಿಯುತ್ತದೆ. ಯುರೋಪಿನವರು 14ನೆಯ ಶತಮಾನದ ಆರಂಭದಿಂದ ಅದನ್ನು ಬಳಸಿದ್ದಾರೆ. ಕೂದಲು, ಕಿರೀಟ, ಗೋಧಿಯ ತೆನೆ ಎಲ್ಲಕ್ಕೂ ಅದೇ.

ಪ್ರಶ್ನೆ: ನಾನು ಚಿತ್ರಕಲೆಯ ವಿದ್ಯಾರ್ಥಿ. ಅರಮನೆಯ ಕಲ್ಯಾಣ ಮಂಟಪದಲ್ಲಿ ಕುಳಿತು ಮೇಲ್ಛಾವಣಿಯ ನವಿಲುಗಳನ್ನು ಬರೆದುಕೊಂಡು ಬಂದಿದ್ದೇನೆ. ಅವನ್ನು ನನ್ನ ಫಲಕಕ್ಕೆ ಬಳಸಿದರೆ ನಕಲು ಎನಿಸಿಕೊಳ್ಳುವುದೇ?
ಓದುಗರು, ಮೈಸೂರು

ಉತ್ತರ: ನಕಲು ಮಾಡಿ ಕಲಿಯುವುದು ತಪ್ಪಲ್ಲ. ಹಳೆಯ ಮೈಸೂರು ಚಿತ್ರಕಾರರೆಲ್ಲ ಹಾಗೇ ಕಲಿತವರು. ಆದರೆ ನವಿಲನ್ನು ಮಾತ್ರ ನೋಡಿ ಬಂದಿದ್ದರೆ ಅರ್ಧ ಪಾಠ ಬಿಟ್ಟು ಬಂದಿದ್ದೀರಿ. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಈ ಕಟ್ಟಡ 1912ರಲ್ಲಿ ಮುಗಿಯಿತು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಸ್ಯಾರಸೆನ್ ಫೌಂಡ್ರಿಯಲ್ಲಿ ತಯಾರಾಗಿ ಬಂದವು. ಅಷ್ಟು ಗಾಜನ್ನು ತಲೆಯ ಮೇಲೆ ಎತ್ತಿ ಹಿಡಿದಿರುವುದು ಕಬ್ಬಿಣ. ಎಂಟು ಮೂಲೆಗಳಿಂದ ಎದ್ದು ನಡುವೆ ಸೇರುವ ಆ ಪಕ್ಕೆಲುಬುಗಳೇ ಮೊದಲ ವಿನ್ಯಾಸ, ನವಿಲು ಆಮೇಲಿನದು. ನಾನು ಮಕ್ಕಳಿಗೆ ಅಷ್ಟಭುಜ ಕಲಿಸುವಾಗ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಮೇಲೆ ನೋಡಿ ಕುತ್ತಿಗೆ ನೋಯುವಾಗ ಕೆಳಗೆ ನೋಡಿ ಎನ್ನುತ್ತಿದ್ದೆ, ಏಕೆಂದರೆ ನೆಲದ ಹಾಸಿನಲ್ಲೂ ನವಿಲು ಮುಂದುವರಿದಿದೆ. ಒಂದೇ ಹಕ್ಕಿ ಬೆಳಕಿನಲ್ಲಿ ಒಂದು ಬಗೆ, ಕಾಲಡಿಯ ಹೆಂಚಿನಲ್ಲಿ ಇನ್ನೊಂದು ಬಗೆ.

ಇನ್ನೊಮ್ಮೆ ಹೋಗಿ. ಈ ಸಲ ನವಿಲನ್ನು ಬಿಟ್ಟು ಗೆರೆಗಳನ್ನು ಮಾತ್ರ ಬರೆದುಕೊಳ್ಳಿ. ಎಲ್ಲಿ ಗೆರೆ ದಪ್ಪ, ಎಲ್ಲಿ ಸಣ್ಣ, ಕೊರಳು ತಿರುಗುವಲ್ಲಿ ಎಷ್ಟು ತುಂಡು. ಆ ಹಾಳೆಯನ್ನು ಮನೆಗೆ ತಂದು ಅದರೊಳಗೆ ನಿಮಗೆ ಬೇಕಾದ ಹಕ್ಕಿ, ಹೂವು, ಬೇಕಿದ್ದರೆ ನಿಮ್ಮ ಬೀದಿಯ ಕೋಳಿಯನ್ನೇ ಕೂರಿಸಿ. ಆಗ ಯಾರೂ ನಕಲು ಎನ್ನುವುದಿಲ್ಲ.

ಪ್ರಶ್ನೆ: ಅಕ್ಕಾ, ನಮ್ಮ ಅವ್ವ ಕಸೂತಿ ಹಾಕುವವರು. ಅವರ ಇಳಕಲ್ ಸೀರೆಯ ಗೋಪುರ, ತೇರು, ತುಳಸಿಕಟ್ಟೆಗಳನ್ನು ಗಾಜಿನಲ್ಲಿ ಮಾಡಬೇಕೆಂಬ ಆಸೆ. ಮುರ್ಗಿ ಹೊಲಿಗೆಯ ಮೆಟ್ಟಿಲು ಗೆರೆ ಕೊಯ್ಯಲು ಹೋದಾಗಲೆಲ್ಲ ಗಾಜು ಮೂಲೆಯಲ್ಲೇ ಸೀಳುತ್ತದೆ.
ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಕಸೂತಿಯಲ್ಲಿ ಅಡ್ಡ, ಉದ್ದ, ಓರೆ ಬಿಟ್ಟರೆ ಬೇರೆ ಗೆರೆಯಿಲ್ಲ. ಗಾಜಿಗೂ ನೇರ ಗೆರೆಯೆಂದರೆ ಪ್ರೀತಿ. ಆದರೆ ಒಳಮೂಲೆಯೆಂದರೆ ಆಗದು. ಮೆಟ್ಟಿಲಿನ ಒಳಮೂಲೆಗೆ ಕಟ್ಟರ್ ತಿರುಗಿಸಿದರೆ ಸೀಳು ಆ ಬಿಂದುವಿನಿಂದ ಮುಂದಕ್ಕೆ ಓಡುತ್ತದೆ. ಗರಗಸದ ಯಂತ್ರದಲ್ಲಿ ಕೊಯ್ದು ಹೇಗೋ ಉಳಿಸಿಕೊಂಡರೂ ಬಿಸಿಲಿಗೆ ಕಾದು ತಣಿದು ಒಂದು ದಿನ ಅಲ್ಲೇ ಬಿರುಕು ಬಿಡಬಹುದು. ಹಾಗಾಗಿ ಮೆಟ್ಟಿಲನ್ನು ಒಂದು ತುಂಡೆಂದು ಎಣಿಸಬೇಡಿ. ಪ್ರತಿ ಒಳಮೂಲೆಯಿಂದ ಗೆರೆಯನ್ನು ಮುಂದಕ್ಕೆ ಎಳೆದು ಪಕ್ಕದ ಅಂಚು ಮುಟ್ಟಿಸಿ. ಎಲ್ಲವೂ ಸಣ್ಣ ಚೌಕ, ಆಯತಗಳಾಗುತ್ತವೆ. ನಾನು ಮಾಡಿದ ಒಂದು ಗೋಪುರಕ್ಕೆ ಹೀಗೆ ನಲವತ್ತೊಂದು ತುಂಡು ಬೇಕಾಯಿತು. ಪ್ರತಿಯೊಂದಕ್ಕೂ ಪಟ್ಟಿ ಸುತ್ತುವಷ್ಟರಲ್ಲಿ ಒಂದು ವಾರದ ಸಂಜೆಗಳು ಹೋದವು. ಅವ್ವ ಎಳೆ ಎಣಿಸುವ ತಾಳ್ಮೆಯ ಮುಂದೆ ಅದು ಏನೂ ಅಲ್ಲ ಎಂದು ನಿಮಗೆ ಗೊತ್ತೇ ಇದೆ.

ಕಸೂತಿಯ ಗವಂತಿ ಹೊಲಿಗೆಯಿಂದ ಇನ್ನೊಂದು ಪಾಠವಿದೆ. ಅದು ಬಟ್ಟೆಯ ಎರಡೂ ಬದಿಗೆ ಒಂದೇ ತರಹ ಕಾಣುತ್ತದೆ. ಗಾಜಿನ ಫಲಕವೂ ಕಿಟಕಿಯ ಒಳಗೂ ಹೊರಗೂ ಕಾಣುವ ವಸ್ತು. ಹಿಂಬದಿಯ ಬೆಸುಗೆಯನ್ನು ಗಂಟುಗಂಟಾಗಿ ಬಿಡುವವರಿಗೆ ನಾನು ಗವಂತಿ ತೋರಿಸುತ್ತೇನೆ.

ಚುಕ್ಕಿ ರಂಗೋಲಿಗೂ ಇದೇ ಲೆಕ್ಕ. ಎಳೆ ಸುತ್ತಿಕೊಂಡು ಬಂದು ಸೇರುವುದರಿಂದ ಪ್ರತಿ ಮನೆಯೂ ಮುಚ್ಚಿರುತ್ತದೆ, ಒಂದೊಂದು ಮನೆ ಒಂದೊಂದು ಗಾಜು. ಚುಕ್ಕಿಯ ಸುತ್ತ ತೀರಾ ಒಳಕ್ಕೆ ಬಾಗುವ ತಿರುವನ್ನು ಮಾತ್ರ ಎರಡು ತುಂಡಾಗಿ ಒಡೆಯಿರಿ. ನಾನು ಹಟ ಹಿಡಿದು ಒಂದೇ ತುಂಡಿನಲ್ಲಿ ಕೊಯ್ಯಲು ಹೋಗಿ ಒಳ್ಳೆಯ ಹಸಿರು ಗಾಜು ಮೂರು ಸಲ ಕಳೆದುಕೊಂಡೆ.

ಧಾರವಾಡದಿಂದ ವಿಜಯಪುರ ದೂರವಲ್ಲ. ಇಬ್ರಾಹಿಂ ರೋಜಾಕ್ಕೆ ಹೋಗಿ ಕಿಟಕಿಗಳ ಮುಂದೆ ನಿಲ್ಲಿ. ಕಲ್ಲಿನ ಜಾಲರಿಯನ್ನು ಅರಬ್ಬಿ ಅಕ್ಷರಗಳಾಗಿಯೇ ಕೊರೆದಿದ್ದಾರೆ, ಅಕ್ಷರ ಉಳಿದು ನಡುವಿನ ಜಾಗ ಬೆಳಕಾಗಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯ ಜಾಲಂಧ್ರಗಳಲ್ಲೂ ನಕ್ಷತ್ರದ ತೂತುಗಳಿಂದ ಬೆಳಕು ಸೋಸಿ ಬರುತ್ತದೆ. ಎರಡರಲ್ಲೂ ಬಣ್ಣದ ಗಾಜಿಲ್ಲ. ಗೆರೆ ಎಷ್ಟು, ಬೆಳಕು ಎಷ್ಟು ಎಂಬ ಹದವನ್ನು ಕಲಿಯಲು ಅವಕ್ಕಿಂತ ಒಳ್ಳೆಯ ಶಾಲೆ ನನಗೆ ಸಿಕ್ಕಿಲ್ಲ.

ಪ್ರಶ್ನೆ: ದೇವರ ಕೋಣೆಯ ಬಾಗಿಲಿಗೆ ಬಣ್ಣದ ಗಾಜು ಹಾಕೋಣವೆಂದರೆ ನಮ್ಮ ಅತ್ತೆ, ಅದು ಇಗರ್ಜಿಯ ಕಲೆ, ನಮ್ಮದಲ್ಲ ಎನ್ನುತ್ತಾರೆ. ಏನು ಹೇಳಲಿ?
ಓದುಗರು, ಉಡುಪಿ

ಉತ್ತರ: ವಾದ ಮಾಡಬೇಡಿ, ಅತ್ತೆಯವರನ್ನು ತೊಗಲುಗೊಂಬೆ ಆಟಕ್ಕೆ ಕರೆದುಕೊಂಡು ಹೋಗಿ. ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿದ ಚರ್ಮ, ಅದಕ್ಕೆ ಕೆಂಪು ಹಸಿರು ಬಣ್ಣ, ಸುತ್ತ ಕಪ್ಪು ಗೆರೆ, ಒಡವೆಯ ಜಾಗದಲ್ಲಿ ಸಾಲು ತೂತು, ಹಿಂದೆ ದೀಪ. ರಾಮನೂ ರಾವಣನೂ ಪರದೆಯ ಮೇಲೆ ಹೊತ್ತಿಕೊಂಡ ಹಾಗೆ ಕಾಣುತ್ತಾರೆ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿಯೇ 2025ರಲ್ಲಿ ಪದ್ಮಶ್ರೀ ಬಂತು. ಹಿಂದಿನ ಬೆಳಕಿನಿಂದ ಬಣ್ಣ ಬೆಳಗಿಸುವುದು ಯಾರೊಬ್ಬರ ಸ್ವತ್ತಲ್ಲ. ಇರಾನಿನ ಶಿರಾಜಿನಲ್ಲಿ ನಾಸಿರ್ ಅಲ್ ಮುಲ್ಕ್ ಮಸೀದಿಯ ಜಮಖಾನೆಗಳ ಮೇಲೆ ಬೆಳಗಿನ ಬಿಸಿಲು ಗಾಜಿನ ಬಣ್ಣ ಚೆಲ್ಲುತ್ತದೆ. ಜೆರುಸಲೇಮಿನ ಒಂದು ಆಸ್ಪತ್ರೆಯ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಚಿತ್ರಕಾರ ಮಾರ್ಕ್ ಶಗಾಲ್ ಹನ್ನೆರಡು ಕಿಟಕಿ ಮಾಡಿಕೊಟ್ಟ, 1962ರಲ್ಲಿ. ನಿಮ್ಮ ಬಾಗಿಲಿಗೆ ತೊಗಲುಗೊಂಬೆಯ ಗಣಪತಿಯ ಗೆರೆಯನ್ನೇ ತೆಗೆದುಕೊಳ್ಳಿ. ಅತ್ತೆ ಒಪ್ಪದಿದ್ದರೆ ನನಗೆ ಬರೆಯಿರಿ.

ಪ್ರಶ್ನೆ: ನಾನು ಮೈಸೂರಿನವನು, ಕೆಲಸದ ಮೇಲೆ ಜರ್ಮನಿಯಲ್ಲಿದ್ದೇನೆ. ಸಂತ ಫಿಲೋಮಿನಾ ಚರ್ಚಿಗೆ ಮಾದರಿಯಾದದ್ದು ಎಂದು ಕೇಳಿದ್ದ ಕಲೋನ್ ಕೆಥೆಡ್ರಲ್ ನೋಡಲು ಹೋದೆ. ದಕ್ಷಿಣದ ದೊಡ್ಡ ಕಿಟಕಿಯಲ್ಲಿ ಸಂತರೂ ಇಲ್ಲ, ಕಥೆಯೂ ಇಲ್ಲ, ಬರೀ ಬಣ್ಣದ ಚೌಕಗಳು! ಕಂಪ್ಯೂಟರ್ ಕೆಟ್ಟಾಗ ಪರದೆ ಹೀಗೇ ಕಾಣುತ್ತದೆ. ಇದನ್ನು ಏಕೆ ಹೊಗಳುತ್ತಾರೆ?
ಓದುಗರು, ಜರ್ಮನಿ

ಉತ್ತರ: ನಿಮಗೊಬ್ಬರಿಗೇ ಹಾಗನ್ನಿಸಿದ್ದಲ್ಲ. ಆಗಿನ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಮೈಸ್ನರ್ ಅವರೇ, ಇದು ಮಸೀದಿಗೋ ಬೇರೆ ಯಾವುದೋ ಪ್ರಾರ್ಥನಾ ಮಂದಿರಕ್ಕೋ ಹೊಂದುತ್ತಿತ್ತು ಎಂದು ಮುನಿಸಿಕೊಂಡಿದ್ದರು. (ಉಡುಪಿಯ ಅತ್ತೆಯವರು ಇದನ್ನು ಓದಬೇಕು.)

ಆ ಕಿಟಕಿ ಮಾಡಿದ್ದು ಜರ್ಮನಿಯ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್, 2007ರಲ್ಲಿ. ಹಳೆಯ ಗಾಜು ಎರಡನೆಯ ಮಹಾಯುದ್ಧದಲ್ಲಿ ಹೋಗಿತ್ತು. 20ನೆಯ ಶತಮಾನದ ಹುತಾತ್ಮರ ಚಿತ್ರ ಬೇಕೆಂದು ಮೊದಲು ಕೇಳಿದ್ದರು. ಅದು ಅವನ ಕೈಗೆ ಬರಲಿಲ್ಲ. ಏನು ಮಾಡಬೇಕೆಂದು ಹೊಳೆಯದೆ ಕುಳಿತವನು, ಶಿವಮೊಗ್ಗದ ಓದುಗರ ಹಾಗೆಯೇ. ಕೊನೆಗೆ ತಾನೇ 1974ರಲ್ಲಿ ಬರೆದಿದ್ದ, 4,096 ಬಣ್ಣಗಳ ಚೌಕಗಳಿರುವ ಚಿತ್ರದ ಮುದ್ರಿತ ಪ್ರತಿಯ ಮೇಲೆ ಈ ಕಿಟಕಿಯ ಆಕಾರದ ಕಾಗದ ಇಟ್ಟು ನೋಡಿದ. ಅಲ್ಲಿಂದ ದಾರಿ ಸಿಕ್ಕಿತು. ಮೂವತ್ತು ವರ್ಷಕ್ಕೂ ಹಳೆಯ ತನ್ನದೇ ಕೆಲಸ ಮತ್ತೆ ಕೈಹಿಡಿಯಿತು. 72 ಬಣ್ಣ, ಹನ್ನೊಂದು ಸಾವಿರಕ್ಕೂ ಹೆಚ್ಚು ಚೌಕ. ಯಾವುದರ ಪಕ್ಕ ಯಾವುದು ಎಂಬುದನ್ನು ಕಂಪ್ಯೂಟರಿನ ಚೀಟಿ ಎತ್ತುವಿಕೆಗೆ ಬಿಟ್ಟು, ಕೆಲವು ಭಾಗಗಳನ್ನು ಕನ್ನಡಿಯಲ್ಲಿಟ್ಟ ಹಾಗೆ ಎದುರುಬದುರು ಕೂರಿಸಿದ. ಗಣಿತದವಳಾದ ನನಗೆ ಇದು ಇಷ್ಟವಾಗದೆ ಹೋದೀತೇ?

ನಾನು ಕಲೋನಿಗೆ ಹೋದವಳಲ್ಲ. ಅಲ್ಲಿನ ಗೋಪುರಗಳು 157 ಮೀಟರ್, ನಮ್ಮ ಫಿಲೋಮಿನಾದವು 175 ಅಡಿ, ಅಂದರೆ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಆ ಮೂರನೆಯ ಒಂದು ಪಾಲಿನ ಕೆಳಗೆ ಕುಳಿತೇ ನಾನು ಕಲಿತದ್ದು. ನನಗೆ ಕೆಲಸ ಹೇಳಿಕೊಟ್ಟ ಹಿರಿಯರು ಹಳೆಯ ಕಿಟಕಿಗಳನ್ನು ದುರಸ್ತಿ ಮಾಡುವವರಾಗಿದ್ದರು. ಗಾಜನ್ನು ಎದುರಿಗೆ ನಿಂತು ನೋಡಬಾರದು, ಅದು ಎಲ್ಲಿ ಬೀಳುತ್ತದೋ ಅಲ್ಲಿ ನೋಡಬೇಕು ಎನ್ನುತ್ತಿದ್ದರು. ನೀವು ಇನ್ನೊಮ್ಮೆ ಹೋದರೆ ಕಿಟಕಿಗೆ ಬೆನ್ನು ಹಾಕಿ ಕಲ್ಲಿನ ಕಂಬಗಳ ಮೇಲೆ ಬಿದ್ದ ಬಣ್ಣ ನೋಡಿ. ಬಿಸಿಲಿರುವ ಮಧ್ಯಾಹ್ನ ಹೋಗಿ, ಅಲ್ಲಿಯವರು ಬಿಸಿಲು ಅಪರೂಪ ಎಂದು ದೂರುತ್ತಾರಂತೆ.

ಪ್ರಶ್ನೆ: ನಮ್ಮದು ಎರಡನೆಯ ಮಹಡಿಯ ಫ್ಲ್ಯಾಟ್. ಕಿಟಕಿ ಉತ್ತರಕ್ಕೆ, ಆರು ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಬಿಸಿಲೇ ಇಲ್ಲದ ಮನೆಗೆ ಯಾವ ವಿನ್ಯಾಸ?
ಓದುಗರು, ಬೆಂಗಳೂರು

ಉತ್ತರ: ಈ ಪ್ರಶ್ನೆಯನ್ನು ಯಾರಾದರೂ ನನಗೆ ಮೊದಲೇ ಕೇಳಿದ್ದರೆ ಒಂದು ನವಿಲು ಉಳಿಯುತ್ತಿತ್ತು. ದುಡ್ಡು ತೆಗೆದುಕೊಂಡು ಮಾಡಿಕೊಟ್ಟ ನನ್ನ ಮೊದಲ ಕೆಲಸ ಅದು, ನೆಂಟರೊಬ್ಬರ ಮನೆಗೆ. ಕೋಬಾಲ್ಟಿನ ಗಾಢ ನೀಲಿ ಗಾಜು. ಕೆಳಗಿನಿಂದ ಟ್ಯೂಬ್‌ಲೈಟ್ ಹಾಕಿದ ಮೇಜಿನ ಮೇಲೆ ಮಾಡುವಾಗ ಕಣ್ಣು ಕೋರೈಸುತ್ತಿತ್ತು. ಕಿಟಕಿಗೆ ಕೂರಿಸಿದರೆ ಹಿಂದೆ ಇಟ್ಟಿಗೆಯ ಗೋಡೆ. ನೀಲಿಯೆಲ್ಲ ಮಸಿಯಾಯಿತು. ಊಟಕ್ಕೆ ಬಂದಿದ್ದ ನಮ್ಮ ಚಿಕ್ಕಪ್ಪ ತಲೆ ಓರೆ ಮಾಡಿ ನೋಡಿ, ಕಾಗೆ ಚೆನ್ನಾಗಿ ಬಂದಿದೆ ಎಂದರು. ಇಂದಿಗೂ ಮನೆಯಲ್ಲಿ ಅದರ ಹೆಸರು ಕಾಗೆಯೇ.

ಪಾರದರ್ಶಕ ಗಾಜು ತನ್ನ ಹಿಂದೆ ಇರುವುದನ್ನು ತೋರಿಸುತ್ತದೆ, ಗೋಡೆಯಿದ್ದರೆ ಗೋಡೆಯನ್ನು. ನಿಮಗೆ ಬೇಕಾದದ್ದು ಹಾಲು ಬೆರೆಸಿದಂತಿರುವ ಗಾಜು. ಅಮೆರಿಕದ ಕಲಾವಿದರಾದ ಜಾನ್ ಲಾ ಫಾರ್ಜ್ 1880ರಲ್ಲೂ ಲೂಯಿ ಟಿಫಾನಿ ಮರುವರ್ಷವೂ ಇಂಥ ಗಾಜಿನ ಬಳಕೆಗೆ ಪೇಟೆಂಟ್ ಪಡೆದರು. ಅದು ಬೆಳಕನ್ನು ಹಿಡಿದು ತನ್ನ ಮೈಯಲ್ಲೆಲ್ಲ ಹರಡಿಕೊಳ್ಳುತ್ತದೆ, ಮಂದ ಬೆಳಕಿನಲ್ಲೂ ಬಣ್ಣ ಉಳಿಯುತ್ತದೆ. ಕಡುಬಣ್ಣ ಬೇಡ. ಎಳನೀರಿನ ಗಂಜಿ, ಬೆಣ್ಣೆ, ಎಳೆ ಬಾಳೆಲೆ, ಬೂದುಗುಂಬಳದ ಸಿಪ್ಪೆ, ಇಂಥ ಬಣ್ಣಗಳನ್ನು ಹುಡುಕಿ. ಇನ್ನೊಂದು ಉಪಾಯ: ಕಿಟಕಿಯನ್ನೇ ಬಿಟ್ಟುಬಿಡಿ, ದೀಪಕ್ಕೆ ಹೊದಿಸುವ ಲ್ಯಾಂಪ್‌ಶೇಡ್ ಮಾಡಿ. ಸೂರ್ಯ ಯಾವ ದಿಕ್ಕಿಗಿದ್ದರೂ ಚಿಂತೆಯಿಲ್ಲ.

ಗಾಜು ಕೊಳ್ಳುವ ಮೊದಲು ಅಂಗಡಿಯಿಂದ ಅಂಗೈ ಅಗಲದ ಚೂರುಗಳನ್ನು ಕೇಳಿ ತನ್ನಿ. ಅದೇ ಕಿಟಕಿಗೆ ಅಂಟುಪಟ್ಟಿಯಿಂದ ಅಂಟಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ರಾತ್ರಿಯೂ ನೋಡಿ. ಒಳಗೆ ದೀಪ ಹೊತ್ತಿದಾಗ ಒಳಗಿರುವ ನಿಮಗೆ ಅದು ಕಪ್ಪು, ಪಕ್ಕದ ಕಟ್ಟಡದವರಿಗೆ ಹಬ್ಬ.

ಪ್ರಶ್ನೆ: ಒಂಬತ್ತು ವರ್ಷದ ಮಗಳು ತಾನೂ ಮಾಡುತ್ತೇನೆ ಎಂದು ಮೇಜು ಬಿಟ್ಟು ಕದಲುವುದಿಲ್ಲ.
ಓದುಗರು, ತುಮಕೂರು

ಉತ್ತರ: ಕದಲಿಸಿ. ನಮ್ಮ ಬೆಸುಗೆಯಲ್ಲಿ ಸಾಮಾನ್ಯವಾಗಿ ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ. ಸೀಸ ಮಕ್ಕಳ ಮೈಗೆ ವಿಷ. ಅಡುಗೆಮನೆಯ ಮೇಜಿನಲ್ಲಿ ಈ ಕೆಲಸ ಬೇಡ. ಕೈ ಸೋಪಿನಲ್ಲಿ ತೊಳೆಯದೆ ಮಗುವನ್ನು ಮುಟ್ಟಬೇಡಿ, ಪುಡಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಅವಳಿಗೆ ಗಾಳಿಪಟದ ಬಣ್ಣದ ಕಾಗದ, ಕಪ್ಪು ಹಾಳೆ, ಕತ್ತರಿ, ಅಂಟು ಕೊಡಿ. ಚಿತ್ರಕಾರ ಮಾತಿಸ್ ಮುಪ್ಪಿನಲ್ಲಿ ಫ್ರಾನ್ಸಿನ ವಾನ್ಸ್ ಊರಿನ ಪ್ರಾರ್ಥನಾ ಮಂದಿರದ ಕಿಟಕಿಗಳನ್ನು ಬಣ್ಣದ ಕಾಗದ ಕತ್ತರಿಸಿಯೇ ರೂಪಿಸಿದ. 1951ರಲ್ಲಿ ಮುಗಿದ ಆ ಕಿಟಕಿಗಳಲ್ಲಿ ಹಳದಿ, ಹಸಿರು, ನೀಲಿ ಮೂರೇ ಬಣ್ಣ. ಮಗಳು ಕತ್ತರಿಸಿದ್ದನ್ನು ಎಸೆಯದೆ ಕಿಟಕಿಗೆ ಅಂಟಿಸಿಡಿ. ನಿಮ್ಮ ಮುಂದಿನ ನಕ್ಷೆ ಅಲ್ಲಿಂದಲೇ ಬಂದರೂ ಬರಬಹುದು.

ಪ್ರಶ್ನೆ: ನಮಗೆಲ್ಲ ಹೇಳುತ್ತೀರಿ, ಈಗ ನಿಮ್ಮ ಮೇಜಿನ ಮೇಲೆ ಏನಿದೆ?
ಓದುಗರು, ಸಾಗರ

ಉತ್ತರ: ಮೇಲೆ ಹೇಳಿದ ಆಡಿನ ಕಿವಿ. ಎರಡು ತಿಂಗಳಿಂದ ಇದೆ. ನಕ್ಷೆ ಆರು ಸಲ ಬದಲಾಯಿತು. ಮೊದಲು ಇಡೀ ಆಡು ಇತ್ತು, ಆಮೇಲೆ ತಲೆ ಮಾತ್ರ, ಈಗ ಕಿವಿ ಮತ್ತು ಒಂದು ಕೊಂಬಿನ ಬುಡ ಉಳಿದಿದೆ. ಕಿವಿಗೆ ಬೇಕಾದ ಗುಲಾಬಿ ಚಿನ್ನ ಬೆರೆತ ಗಾಜು, ಬೆಲೆಯೂ ಹಾಗೇ. ನನ್ನ ಬಳಿ ಇರುವುದು ಒಂದೇ ತುಂಡು, ಎರಡು ಅಂಗೈಯಷ್ಟು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಸೀರೆಗಳ ನಡುವೆ ಇಟ್ಟಿದ್ದೇನೆ. ಈ ವಾರ ಮೂರು ಸಲ ತೆಗೆದು ನಕ್ಷೆಯ ಮೇಲಿಟ್ಟು ನೋಡಿದೆ. ನರದ ಕವಲು ಬರುವಲ್ಲಿ ಗಾಜಿನೊಳಗೆ ಒಂದು ಸಣ್ಣ ಗುಳ್ಳೆಯಿದೆ, ಕಟ್ಟರ್ ಅದರ ಮೇಲೆ ಹಾದರೆ ಸೀಳು ಎತ್ತ ಓಡುತ್ತದೋ ಹೇಳಲಾಗದು. ಗಾಜಿನ ಮೇಲೆ ಗೆರೆ ಎಳೆದರೆ ತಡಮಾಡದೆ ಮುರಿಯಬೇಕು ಎಂದು ಹೇಳಿಕೊಟ್ಟವಳು ನಾನೇ. ಆದ್ದರಿಂದ ಗೆರೆಯನ್ನೇ ಎಳೆದಿಲ್ಲ.